ಸಭೆಯ ಹಿರಿಯನಾಗಿ ನಿಲ್ಲು ಅಂತ ಕೇಳಿದ್ದಾರೆ. ಯಾವ ಗುಣ ಮೊದಲು ನೋಡಬೇಕು?

ಕಡಲತಡಿ
ಎಲ್ಲರಿಗೂ ವಂದನೆ. ಉಡುಪಿ ಕಡೆಯ ಚಿಕ್ಕ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ ನಮ್ಮದು, 90 ಮನೆ. ಮುಂದಿನ ತಿಂಗಳು ಸಮಿತಿಗೆ ಚುನಾವಣೆ. ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಇಬ್ಬರು ಹಿರಿಯರು ನನ್ನನ್ನು ಬದಿಗೆ ಕರೆದು, "ಈ ಸಲ ನೀನು ನಿಲ್ಲು ಮಾರಾಯ" ಅಂದರು.

ಅವತ್ತು ರಾತ್ರಿ ಬೈಬಲಿನಲ್ಲಿ ಪೌಲನ ಪತ್ರ, ಒಂದನೇ ತಿಮೊಥೆ 3ನೇ ಅಧ್ಯಾಯ ತೆಗೆದೆ. ಸಭೆ ನಡೆಸುವವನ ಗುಣಗಳ ಪಟ್ಟಿ ಅಲ್ಲಿದೆ. ಚಿಕ್ಕಂದಿನಿಂದ ಕೇಳಿದ ಭಾಗ. ಆದರೆ ಪ್ರತಿ ಮಾತಿಗೂ ನನ್ನ ಹೆಸರು ಸೇರಿಸಿ ಓದಿದ್ದು ಅದೇ ಮೊದಲು. ದೋಷಾರೋಪಣೆ ಇಲ್ಲದವನು, ಏಕಪತ್ನಿಯುಳ್ಳವನು, ಅತಿಥಿಸತ್ಕಾರ ಮಾಡುವವನು, ಹಣದಾಸೆ ಇಲ್ಲದವನು... "ಜಗಳವಾಡದವನು" ಅನ್ನುವಲ್ಲಿ ನಿಂತುಬಿಟ್ಟೆ. ನನಗೆ ಸಿಟ್ಟು ಜಾಸ್ತಿ. ಎರಡು ವರ್ಷದ ಹಿಂದೆ ಸುಗ್ಗಿ ಹಬ್ಬಕ್ಕೆ ಜನ ತಂದ ಕಾಣಿಕೆ ವಸ್ತುಗಳ ಹರಾಜಿನ ಲೆಕ್ಕದಲ್ಲಿ 500 ರೂಪಾಯಿ ಕಡಿಮೆ ಬಂತು ಅಂತ ಒಬ್ಬ ಹುಡುಗನಿಗೆ ಎಲ್ಲರೆದುರು ಕೂಗಾಡಿದ್ದೆ. ಆಮೇಲೆ ನೋಡಿದರೆ ಆ ಹಣ ಬೇರೆ ಪುಟದಲ್ಲಿ ಬರೆದಿತ್ತು. ಅವನು ಮೂರು ತಿಂಗಳು ಚರ್ಚಿನ ಕಡೆ ತಲೆ ಹಾಕಲಿಲ್ಲ.

ಇನ್ನೊಂದು ವಿಷಯ. ನನ್ನ ಜೊತೆ ನಿಲ್ಲುವವರಲ್ಲಿ ಒಬ್ಬರು ಚರ್ಚಿಗೆ ಸೌಂಡ್ ಸಿಸ್ಟಮ್ ಕೊಡಿಸಿದವರು. "ಅವರಿಗೆ ಬಿಟ್ಟು ಇನ್ಯಾರಿಗೆ?" ಅಂತ ಅರ್ಧ ಸಭೆ ಹೇಳುತ್ತಿದೆ. ಇಂಥ ಕಡೆ ಯಾವ ಗುಣ ಮೊದಲು ನೋಡಬೇಕು? ಒಂದು ಗುಣ ಇಲ್ಲದವನು ನಿಲ್ಲಬಹುದಾ?

ಹುಬ್ಬಳ್ಳಿ ಹೈದ
ನಿಲ್ರಿ ಸರ್. ಎಲ್ಲಾ ಗುಣ ಇದ್ದವರೇ ಬೇಕು ಅಂತ ಕೂತರೆ ಒಂದು ಕುರ್ಚಿನೂ ತುಂಬೋದಿಲ್ಲ.

ಸಂಡೇಸ್ಕೂಲ್ ಟೀಚರ್
ಹೈದ ಅವರೇ, ಇದೇ ಮಾತು ಹೇಳಿ ಹೇಳಿ ನಾವು ಯಾರ್ಯಾರನ್ನೋ ಕೂರಿಸಿದ್ದೇವೆ. 31 ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ, ಎಷ್ಟೋ ಸಮಿತಿ ಬಂದು ಹೋದದ್ದು ನೋಡಿದ್ದೇನೆ.

ಆ ಪಟ್ಟಿಯನ್ನು ಸುಮ್ನೆ ಒಮ್ಮೆ ಎಣಿಸಿ ನೋಡಿ. ಕೆಲಸದ ಜಾಣ್ಮೆ ಅನ್ನುವಂಥದ್ದು ಒಂದೇ ಒಂದು, ಬೋಧಿಸುವುದು. ಉಳಿದದ್ದೆಲ್ಲ ಮನೆಯಲ್ಲಿ, ಬೀದಿಯಲ್ಲಿ, ಊಟದ ಮೇಜಿನಲ್ಲಿ ಕಾಣುವ ನಡತೆ. ಕುಡಿತ, ಹೊಡೆತ, ಜಗಳ, ದುಡ್ಡು, ಹೆಂಡತಿ ಮಕ್ಕಳು, ಮನೆಗೆ ಬಂದವರು. ನಾವು ಮಾತ್ರ ಮೈಕ್ ಹಿಡಿದರೆ ಚೆನ್ನಾಗಿ ಮಾತಾಡುತ್ತಾರಾ, ಬಿಷಪ್ ಆಫೀಸಿನಲ್ಲಿ ಪರಿಚಯ ಇದೆಯಾ, ಕಟ್ಟಡಕ್ಕೆ ಎಷ್ಟು ಕೊಟ್ಟರು ಅಂತ ನೋಡುತ್ತೇವೆ. ಪೌಲ ಕೇಳದೇ ಬಿಟ್ಟದ್ದನ್ನೆಲ್ಲ ನಾವು ಕೇಳುತ್ತೇವೆ.

ಸೌಂಡ್ ಸಿಸ್ಟಮ್ ಕೊಟ್ಟವರು ಒಳ್ಳೆಯವರೇ ಇರಬಹುದು. ಆದರೆ ಅದು ಕಾಣಿಕೆ. ಕೊಟ್ಟಾಯಿತು, ಮುಗಿಯಿತು. ಅದಕ್ಕೆ ಪ್ರತಿಯಾಗಿ ಕುರ್ಚಿ ಕೊಟ್ಟರೆ ಆ ಕಾಣಿಕೆಗೆ ನಾವೇ ಬೆಲೆ ಕಟ್ಟಿದ ಹಾಗೆ.

ಕೆಂಪು ಹೆಂಚು
ಟೀಚರ್ ಹೇಳಿದ್ದು ನೂರಕ್ಕೆ ನೂರು ನಿಜ.

ನನ್ನ ಅಜ್ಜ ಮಂಗಳೂರಿನಲ್ಲಿ ಹೆಂಚಿನ ಕೆಲಸಕ್ಕಿದ್ದವರು. ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದ ಕಸುಬು ನಮ್ಮ ಮನೆಯಲ್ಲಿ ಮೂರು ತಲೆಮಾರು ಅನ್ನ ಹಾಕಿತು. ಅಜ್ಜ ಸಭೆಯ ಹಿರಿಯರೂ ಆಗಿದ್ದರು. ಭಾನುವಾರ ಕಾಣಿಕೆ ಎಣಿಸುವಾಗ ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ. ಮೊದಲು ಅಂಗಿಯ ತೋಳು ಮೊಣಕೈ ದಾಟುವ ತನಕ ಮಡಚುತ್ತಿದ್ದರು. ಆಮೇಲೆ ಚೀಲವನ್ನು ಮೇಜಿನ ನಡುವೆ ಸುರಿದು, ನಾಣ್ಯಗಳನ್ನು ಹತ್ತು ಹತ್ತರ ಗೋಪುರ ಮಾಡಿ ಸಾಲಾಗಿ ನಿಲ್ಲಿಸುತ್ತಿದ್ದರು. ಎದುರಿಗೆ ಇನ್ನಿಬ್ಬರು. ಒಬ್ಬರು ಬಂದಿಲ್ಲ ಅಂದರೆ ಚೀಲದ ಗಂಟು ಬಿಚ್ಚುತ್ತಿರಲಿಲ್ಲ. ಒಮ್ಮೆ ಮಳೆಗೆ ಇಬ್ಬರೂ ಬರಲಿಲ್ಲ. ಅಜ್ಜ ಗಂಟಿಗೆ ಅರಗು ಹಾಕಿ ಅಯ್ಯನವರ (ಸಭಾಪಾಲಕರ) ಕಪಾಟಿನಲ್ಲಿಟ್ಟು ಮನೆಗೆ ಬಂದರು. "ನಿಮ್ಮ ಮೇಲೆ ಯಾರಿಗೆ ಸಂಶಯ ಅಜ್ಜ?" ಅಂತ ಕೇಳಿದೆ. "ಸಂಶಯ ಬರುವ ಜಾಗದಲ್ಲಿ ಒಬ್ಬನೇ ಕೂರಬಾರದು ಮಗಾ" ಅಂದರು.

ಅವರೇ ಹೇಳುತ್ತಿದ್ದ ಇನ್ನೊಂದು ಮಾತು. ಹೆಂಚು ಒಲೆಯಿಂದ ಬಂದ ಮೇಲೆ ಗೆಣ್ಣಿನಿಂದ ತಟ್ಟಿ ನೋಡಬೇಕು. ಗಟ್ಟಿ ಹೆಂಚು ಠಣ್ ಅನ್ನುತ್ತದೆ. ಕಣ್ಣಿಗೆ ಕಾಣದ ಬಿರುಕು ಇದ್ದರೆ ಶಬ್ದ ಮಂಕು. ಮಾಡಿನ ಮೇಲೆ ಹಾಕಿದ ಮೇಲೆ ತಟ್ಟಿ ಪ್ರಯೋಜನ ಇಲ್ಲ, ಮಳೆಗಾಲದಲ್ಲಿ ಗೊತ್ತಾಗುತ್ತದೆ.

ಕಡಲತಡಿ
ಕೆಂಪು ಹೆಂಚು ಅಣ್ಣ, ನಮ್ಮಲ್ಲಿ ಈಗ ಒಬ್ಬರೇ ಎಣಿಸುತ್ತಾರೆ. ಯಾರೂ ಕೇಳುವುದಿಲ್ಲ. ನಾನೂ ಕೇಳಿಲ್ಲ.

ಗ್ರೀಕ್ ವಿದ್ಯಾರ್ಥಿ
ಬೆಂಗಳೂರಿನಲ್ಲಿ ದೇವಶಾಸ್ತ್ರ ಓದುತ್ತಿದ್ದೇನೆ. ಒಂದೆರಡು ತಿದ್ದುಪಡಿ.

ಆ ಅಧ್ಯಾಯದಲ್ಲಿ ಎರಡು ಪಟ್ಟಿ ಇದೆ. ಮೊದಲನೆಯದು ಸಭಾಧ್ಯಕ್ಷರಿಗೆ, ಗ್ರೀಕ್‌ನಲ್ಲಿ ಎಪಿಸ್ಕೊಪೊಸ್, ಅಂದರೆ ಮೇಲ್ವಿಚಾರಣೆ ಮಾಡುವವನು. ಎರಡನೆಯದು ಸಭಾಸೇವಕರಿಗೆ, ದಿಯಾಕೊನೊಸ್. ನಮ್ಮ ಸಮಿತಿಯವರು ಹಣ, ಕಟ್ಟಡ, ಬಡವರ ಸಹಾಯ ನೋಡುವವರು, ಹಾಗಾಗಿ ಎರಡನೇ ಪಟ್ಟಿಗೇ ಜಾಸ್ತಿ ಹತ್ತಿರ. ಅಲ್ಲಿ ಎರಡು ಮಾತಿನವರಾಗಿರಬಾರದು ಅಂತಿದೆ. ಇವರ ಹತ್ತಿರ ಒಂದು, ಅವರ ಹತ್ತಿರ ಇನ್ನೊಂದು ಹೇಳುವವರು. ಸಭೆ ಒಡೆಯುವುದು ಹೆಚ್ಚಾಗಿ ಇದರಿಂದಲೇ ಅಲ್ವಾ? ಮೊದಲು ಪರೀಕ್ಷೆ ಆಗಲಿ, ಆಮೇಲೆ ಸೇವೆ ಮಾಡಲಿ ಅಂತಲೂ ಅಲ್ಲೇ ಇದೆ. ಹೆಂಚು ತಟ್ಟಿದ ಹಾಗೆಯೇ.

"ಹೊಸಬನಾಗಿರಬಾರದು" ಅನ್ನುವ ಕಡೆ ಇರುವ ಪದ ನಿಯೊಫುಟೊಸ್. ಹೊಸದಾಗಿ ನೆಟ್ಟ ಗಿಡ ಅಂತ ಅರ್ಥ. ಬೇರು ಬಿಡುವ ಮೊದಲೇ ಹಣ್ಣು ಕೇಳಬೇಡಿ ಅಂತ. 325ರಲ್ಲಿ ಬಿಷಪ್‌ಗಳು ಸೇರಿದ ನೈಸಿಯಾ ಮಹಾಸಭೆಯಲ್ಲೂ ಇದರ ಮೇಲೆ ನಿಯಮ ಮಾಡಿದರು. ದೀಕ್ಷಾಸ್ನಾನ ಆದ ಕೂಡಲೇ ಯಾರನ್ನೂ ಬಿಷಪ್ ಮಾಡಬೇಡಿ ಅಂತ. ಬಡ್ಡಿ ವ್ಯವಹಾರ ಮಾಡುವ ಪಾದ್ರಿಗಳನ್ನು ತೆಗೆದುಹಾಕಿ ಅಂತಲೂ ಅದೇ ಸಭೆಯ ನಿಯಮ. ದುಡ್ಡಿನ ಗೋಳು ಇವತ್ತಿನದಲ್ಲ.

ಶಾಲೋಮ್ 74
ಹಾಗಾದರೆ ಮಿಲಾನಿನ ಅಂಬ್ರೋಸ್? 374ರಲ್ಲಿ ಜನ ಅವರನ್ನು ಬಿಷಪ್ ಅಂತ ಆರಿಸಿದಾಗ ಅವರಿಗೆ ದೀಕ್ಷಾಸ್ನಾನವೇ ಆಗಿರಲಿಲ್ಲ. ನಿಯಮ ಮುರಿದರೂ ಒಳ್ಳೆಯದೇ ಆಯಿತಲ್ಲ?

ಗ್ರೀಕ್ ವಿದ್ಯಾರ್ಥಿ
ನಿಜ. ಆದರೆ ಅಂಬ್ರೋಸ್ ಮೊದಲೇ ಆ ಪ್ರಾಂತದ ಆಡಳಿತ ನೋಡುತ್ತಿದ್ದವರು. ಜನ ಅವರ ನಡತೆ ಕಣ್ಣಾರೆ ಕಂಡಿದ್ದರು. ಸಾವಿರದಲ್ಲಿ ಒಂದು ಉದಾಹರಣೆ ಹಿಡಿದು ನಮ್ಮೂರಿನವರಿಗೆ ಅನ್ವಯಿಸೋದು ಬೇಡ ಸರ್.

ವಾರ್ಡಿನ ಗುರ್ಕಾರ
ನಾನು ಕ್ಯಾಥೊಲಿಕ್, ಮಂಗಳೂರು. ನಮ್ಮಲ್ಲಿ ಫಾದರನ್ನು ಚುನಾವಣೆಯಿಂದ ಆರಿಸುವುದಿಲ್ಲ, ಆದರೆ ವಾರ್ಡಿಗೆ ಗುರ್ಕಾರ, ಅಂದರೆ ಅಲ್ಲಿನ ಮನೆಗಳ ಮುಂದಾಳು, ಇರುತ್ತಾನೆ, ಹಣಕಾಸಿಗೆ ಒಂದು ಸಮಿತಿ ಪ್ರತಿ ಚರ್ಚಿಗೂ ಕಡ್ಡಾಯ. ಅದು ಸಭೆಯ ಕಾನೂನಿನಲ್ಲೇ ಇದೆ.

ನಿಮಗೆ ಉಪಯೋಗ ಆಗಬಹುದಾದ ಒಂದು ಸಂಗತಿ ಹೇಳುತ್ತೇನೆ. ನಮ್ಮಲ್ಲಿ ಮದುವೆಯಾದ ಗಂಡಸು ಕಾಯಂ ಡೀಕನ್ (ಫಾದರ್‌ಗಿಂತ ಕೆಳಗಿನ ದರ್ಜೆಯ ಸಭಾಸೇವಕ) ಆಗಬೇಕಾದರೆ 35 ವರ್ಷ ತುಂಬಿರಬೇಕು, ಅದರ ಜೊತೆ ಹೆಂಡತಿಯ ಒಪ್ಪಿಗೆ ಬೇಕು. ಆಕೆ ಬೇಡ ಅಂದರೆ ಬೇಡ. ಈ ನಿಯಮ ಮಾಡಿದವರಿಗೆ ಮನೆ ಅಂದರೆ ಏನು ಅಂತ ಗೊತ್ತಿತ್ತು ಅನಿಸುತ್ತದೆ. ಮನುಷ್ಯ ಹೊರಗೆ ಹೇಗೆ ಬೇಕಾದರೂ ಇರಬಹುದು. ಅವನ ಸಿಟ್ಟು, ಜಿಪುಣತನ, ಸುಳ್ಳು ಹೆಂಡತಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ. ಕಡಲತಡಿಯವರೇ, ಹಿರಿಯರು ನಿಮ್ಮನ್ನು ಕೇಳಿದರು ಸರಿ. ನಿಮ್ಮ ಮನೆಯವರನ್ನು ಯಾರಾದರೂ ಕೇಳಿದರಾ?

ಹುಬ್ಬಳ್ಳಿ ಹೈದ
ಕ್ಯಾಥೊಲಿಕ್ ಫಾದರ್‌ಗಳು ಮದುವೆನೇ ಆಗೋದಿಲ್ಲ, ಮತ್ತೆ "ಏಕಪತ್ನಿಯುಳ್ಳವನು" ಅನ್ನೋದು ಎಲ್ಲಿ ಹೋಯ್ತು ಗುರ್ಕಾರರೇ?

ವಾರ್ಡಿನ ಗುರ್ಕಾರ
ಆ ಚರ್ಚೆ ಶುರುವಾದರೆ ನಾಳೆ ಬೆಳಗಾಗುತ್ತದೆ ಸ್ವಾಮಿ. ಮದುವೆ ಆಗಲೇಬೇಕು ಅಂತ ಪೌಲ ಹೇಳಿಲ್ಲ, ಅವನಿಗೇ ಮದುವೆ ಇರಲಿಲ್ಲ. ಕೊಟ್ಟ ಮಾತಿಗೆ ನಿಷ್ಠೆ ಇರಲಿ ಅನ್ನೋದು ನಾನು ತಿಳಿದ ಅರ್ಥ.

ಅಯ್ಯನವರ ಮಗಳು
ಮನೆಯ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ.

ಅಪ್ಪ ಸಭಾಪಾಲಕರು. ನಾಲ್ಕೈದು ವರ್ಷಕ್ಕೊಮ್ಮೆ ವರ್ಗ. ಪ್ರತಿ ಊರಲ್ಲೂ ನಮ್ಮ ಮನೆಯ ಪಾತ್ರೆ ಎಷ್ಟು ಅಂತ ಸಭೆಯವರಿಗೆ ಗೊತ್ತು. ಅಮ್ಮ ಹೊಸ ಸೀರೆ ಉಟ್ಟರೆ "ಕಾಣಿಕೆ ಚೆನ್ನಾಗಿ ಬರ್ತಿದೆ ಅನಿಸುತ್ತೆ" ಅನ್ನುತ್ತಿದ್ದರು. ಹಳೆಯದು ಉಟ್ಟರೆ "ಅಮ್ಮನವರು ಸಭೆಗೆ ಗೌರವ ಕೊಡಲ್ಲ". ತಮ್ಮ ಪಿಯುಸಿಯಲ್ಲಿ ಫೇಲ್ ಆದ. ಅದೇ ವಾರ ಇಬ್ಬರು ಸಮಿತಿಯವರು ಮನೆಗೆ ಬಂದು ಅಪ್ಪನ ಎದುರು ಈ ತಿಮೊಥೆ ಪತ್ರವನ್ನೇ ಓದಿದರು. "ತನ್ನ ಮನೆಯನ್ನು ನಡೆಸದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು?" ಅಂತ. ಅಪ್ಪ ಒಂದು ಮಾತೂ ಆಡಲಿಲ್ಲ. ಅವರಿಗೆ ಕಾಫಿ ಕೊಟ್ಟು ಕಳಿಸಿದರು. ತಮ್ಮ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಇವತ್ತಿಗೂ ಅವನು ಚರ್ಚಿಗೆ ಬರುವುದಿಲ್ಲ. ಮದುವೆ, ಸಾವು ಅಂದರೆ ಮಾತ್ರ.

ಗುಣ ನೋಡಿ, ಬೇಡ ಅನ್ನಲ್ಲ. ಆದರೆ ಆ ವಚನವನ್ನು ಕೈಯಲ್ಲಿ ಹಿಡಿದು ಬರುವವರಿಗೂ ಗುಣ ಬೇಕು.

ಸಂಡೇಸ್ಕೂಲ್ ಟೀಚರ್
ಮಗಳೇ, ಓದಿ ಕಣ್ಣು ತುಂಬಿತು. ನಿನ್ನ ತಮ್ಮನಿಗೆ ನನ್ನ ಕಡೆಯಿಂದ ಒಂದು ಮಾತು ಹೇಳು. ಅವತ್ತು ಅವರು ಓದಿದ ರೀತಿ ತಪ್ಪು.

ಹಳೇ ಒಡಂಬಡಿಕೆಯ ಯಾಜಕ ಏಲಿಯ ಕಥೆ ತೆಗೆದುಕೊಳ್ಳಿ. ಅವನ ಮಕ್ಕಳು ಬಲಿಯ ಮಾಂಸವನ್ನು ಆಳಿನ ಕೈಯಿಂದ ಮೂರು ಮುಳ್ಳಿನ ಕೊಂಡಿಯಲ್ಲಿ ಎತ್ತಿಸಿಕೊಳ್ಳುತ್ತಿದ್ದರು. ದೇವರು ಏಲಿಯ ಮೇಲೆ ಹೊರಿಸಿದ ತಪ್ಪು ಮಕ್ಕಳು ಕೆಟ್ಟರು ಅನ್ನುವುದಷ್ಟೇ ಅಲ್ಲ, ಗೊತ್ತಿದ್ದೂ ತಡೆಯಲಿಲ್ಲ ಅಂತ. ಪ್ರವಾದಿ ಸಮುವೇಲನ ಮಕ್ಕಳೂ ಬೇರ್ಷೆಬದಲ್ಲಿ ಲಂಚ ತಿಂದರು. ಆದರೂ ಸಮುವೇಲ ಮುಪ್ಪಿನಲ್ಲಿ ಜನರೆದುರು ನಿಂತು "ಯಾರ ಎತ್ತನ್ನು ತಕ್ಕೊಂಡಿದ್ದೇನೆ? ಯಾರ ಕತ್ತೆಯನ್ನು ತಕ್ಕೊಂಡಿದ್ದೇನೆ?" ಅಂತ ಕೇಳಿದಾಗ ಒಬ್ಬರೂ ಬೆರಳು ತೋರಿಸಲಿಲ್ಲ. ಪಿಯುಸಿ ಫೇಲ್ ಆಗುವುದು ಇದರಲ್ಲಿ ಯಾವುದೂ ಅಲ್ಲ!

ಗಡಿನಾಡ ಕುರಿ
ನಾನು ಕೋಲಾರ ಕಡೆಯ ಸ್ವತಂತ್ರ ಸಭೆಯಲ್ಲಿ ಇದ್ದವನು. ನಿಮಗೆಲ್ಲ ಸಮಿತಿ, ಚುನಾವಣೆ, ಲೆಕ್ಕ ಅಂತ ಏನೋ ಒಂದು ಇದೆ. ನಮ್ಮಲ್ಲಿ ಜಾಗ ಪಾಸ್ಟರ್ ಹೆಸರಲ್ಲಿ, ಬ್ಯಾಂಕ್ ಖಾತೆ ಅವರ ಹೆಂಡತಿ ಹೆಸರಲ್ಲಿ, ಟ್ರಸ್ಟ್‌ನಲ್ಲಿ ಮಗ ಮತ್ತು ಅಳಿಯ. ಜನ ತಮ್ಮ ಆದಾಯದಲ್ಲಿ ಹತ್ತರಲ್ಲೊಂದು ಪಾಲು ಕೊಡುವ ದಶಮಾಂಶದ ಲೆಕ್ಕ ಕೇಳಿದೆ. "ಅಭಿಷಿಕ್ತನ ಮೇಲೆ ಕೈ ಎತ್ತಬೇಡ" ಅಂದರು. ನಾನು ಕೈ ಎತ್ತಿರಲಿಲ್ಲ. ರಸೀದಿ ಪುಸ್ತಕ ತೋರಿಸಿ ಅಂತ ಕೇಳಿದ್ದೆ ಅಷ್ಟೇ. ಮುಂದಿನ ಭಾನುವಾರ ಪ್ರಸಂಗ ಪೂರ್ತಿ ಹೆಸರು ಹೇಳದೆ ನನ್ನ ಮೇಲೆ.

ಪೌಲನೇ ಹಣದ ವಿಷಯದಲ್ಲಿ ಎಷ್ಟು ಹುಷಾರು ನೋಡಿ. ಯೆರೂಸಲೇಮಿನ ಬಡವರಿಗೆ ಅಂತ ಕೂಡಿಸಿದ ಹಣದ ಜೊತೆ ಸಭೆಗಳು ನೇಮಿಸಿದವರನ್ನು ಕಳಿಸಿದ. ಯಾರೂ ತಪ್ಪು ಹೊರಿಸಬಾರದು, ದೇವರ ಎದುರು ಮಾತ್ರವಲ್ಲ ಮನುಷ್ಯರ ಎದುರೂ ಸರಿಯಾಗಿರಬೇಕು ಅಂತ ಬರೆದ. ಅಪೊಸ್ತಲನೇ ಲೆಕ್ಕಕ್ಕೆ ಸಾಕ್ಷಿ ಇಟ್ಟುಕೊಂಡ. ಇವರಿಗೆ ರಸೀದಿ ಪುಸ್ತಕ ಭಾರ.

ಶಾಲೋಮ್ 74
ತಪ್ಪು ಮಾಡಿದರೂ ಕ್ಷಮಿಸಬೇಕಲ್ಲ? ಶಿಷ್ಯ ಪೇತ್ರ ಮೂರು ಸಲ ಯೇಸುವನ್ನೇ ಗೊತ್ತಿಲ್ಲ ಅಂದ. ಆಮೇಲೂ "ನನ್ನ ಕುರಿಗಳನ್ನು ಮೇಯಿಸು" ಅಂತ ಅವನಿಗೇ ಹೇಳಿದರು. ನಾವು ಯೇಸುವಿಗಿಂತ ದೊಡ್ಡವರಾ?

ಗಡಿನಾಡ ಕುರಿ
ಪೇತ್ರ ಬಿಕ್ಕಿ ಬಿಕ್ಕಿ ಅತ್ತ. ಅದನ್ನು ಬಿಟ್ಟು ಬರೆದಿರಿ ನೋಡಿ. ಶಿಷ್ಯರ ಹಣದ ಚೀಲ ಇದ್ದದ್ದು ಪೇತ್ರನ ಹತ್ತಿರ ಅಲ್ಲ, ಯೇಸುವನ್ನು ಹಿಡಿದುಕೊಟ್ಟ ಯೂದನ ಹತ್ತಿರ. ಅದರಲ್ಲಿ ಹಾಕಿದ್ದನ್ನು ಅವನು ಕದಿಯುತ್ತಿದ್ದ ಅಂತ ಯೋಹಾನ ಬರೆದಿದ್ದಾನೆ.

ಕ್ಷಮೆ ಕೊಟ್ಟಿದ್ದೇನೆ ಸರ್, ಮನಸ್ಸಿನಿಂದ ಕೊಟ್ಟಿದ್ದೇನೆ. ಬೀಗದ ಕೈ ಕೊಡುವುದು ಬೇರೆ ಮಾತು.

ಗ್ರೀಕ್ ವಿದ್ಯಾರ್ಥಿ
ಇಬ್ಬರಿಗೂ ಸಲ್ಲುವ ವಚನ ಅದೇ ಪತ್ರದ 5ನೇ ಅಧ್ಯಾಯದಲ್ಲಿದೆ. ಹಿರಿಯನ ಮೇಲೆ ದೂರು ಬಂದರೆ ಎರಡು ಮೂರು ಸಾಕ್ಷಿ ಇಲ್ಲದೆ ಒಪ್ಪಬೇಡ. ಚಾಡಿ ಮಾತಿಗೆ ಅಲ್ಲಿ ಜಾಗ ಇಲ್ಲ, ಅಯ್ಯನವರ ಮಗಳು ಅಕ್ಕ ಹೇಳಿದ್ದಕ್ಕೆ ಇದು ಉತ್ತರ. ಆದರೆ ಪಾಪ ಮಾಡುತ್ತಲೇ ಇದ್ದರೆ ಎಲ್ಲರ ಮುಂದೆ ಗದರಿಸು. ಮುಚ್ಚಿಡುವುದಕ್ಕೂ ಜಾಗ ಇಲ್ಲ. ನಮ್ಮಲ್ಲಿ ಇದು ತಿರುಗಾಮುರುಗಾ. ಸಾಕ್ಷಿ ಇಲ್ಲದ ಮಾತು ಊರೆಲ್ಲ ಹರಡುತ್ತದೆ, ಸಾಕ್ಷಿ ಇರುವ ಮಾತು ಸಮಿತಿ ಕೋಣೆಯಲ್ಲೇ ಉಳಿಯುತ್ತದೆ.

ಮಲ್ಲಿಗೆ ತೋಟ
ಇಷ್ಟು ಹೊತ್ತಿಂದ ಓದುತ್ತಿದ್ದೇನೆ. ಎಲ್ಲ "ಅವನು", "ಅವನು". ಹೆಂಗಸರು ನಿಲ್ಲಬಹುದು ಅಂತ ಯಾರಿಗೂ ನೆನಪಿಲ್ಲವಾ? ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ ಅಂತ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಹೆಸರು ಹಿಡಿದು ಬರೆದಿದೆ, ಅಲ್ಲಿರುವುದೂ ದಿಯಾಕೊನೊಸ್ ಅನ್ನುವ ಅದೇ ಪದ. ನಮ್ಮ ಸಿಎಸ್‌ಐನಲ್ಲೇ 2013ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತ ಅವರು ಬಿಷಪ್ ಆದರು. ನಮ್ಮೂರಲ್ಲಿ ಮಾತ್ರ ಅಡುಗೆಗೆ, ಹೂವಿಗೆ, ಮುಷ್ಟಿ ಅಕ್ಕಿ ಕೂಡಿಸುವುದಕ್ಕೆ ಹೆಂಗಸರು.

ಅತಿಥಿಸತ್ಕಾರ ಆ ಪಟ್ಟಿಯಲ್ಲಿದೆ ಅಲ್ವಾ? ರಾತ್ರಿ ಹನ್ನೊಂದಕ್ಕೆ ಬಂದ ಸುವಾರ್ತಿಕರಿಗೆ ಅನ್ನ ಇಟ್ಟವರು ಯಾರು? ಹೆಸರು ಮಾತ್ರ ಮನೆಯ ಯಜಮಾನನದ್ದು.

ಹುಬ್ಬಳ್ಳಿ ಹೈದ
ಅಕ್ಕಾರ ಮಾತು ಖರೆ. ನಮ್ಮ ಸಭೆಯಲ್ಲಿ ಖಜಾಂಚಿ ಹೆಣ್ಣುಮಗಳೇ. ಪ್ರತಿ ತಿಂಗಳು ಲೆಕ್ಕದ ಹಾಳೆ ನೋಟಿಸ್ ಬೋರ್ಡಿಗೆ ಅಂಟಿಸುತ್ತಾರೆ. ಮೇಣದಬತ್ತಿಗೆ ಎಷ್ಟು ಖರ್ಚು ಅನ್ನೋದೂ ಅದರಲ್ಲಿರುತ್ತದೆ.

ಕೆಂಪು ಹೆಂಚು
ಸುಗ್ಗಿ ಹಬ್ಬದ ಹರಾಜು ಅಂದಕೂಡಲೇ ನೆನಪಾಯಿತು. ನಮ್ಮಲ್ಲಿ ಹೋದ ವರ್ಷ ಒಂದು ಕುಂಬಳಕಾಯಿ ನಾಲ್ಕು ಸಾವಿರದ ತನಕ ಹೋಯಿತು. ಕೂಗುವವರಿಬ್ಬರೂ ಚುನಾವಣೆಗೆ ನಿಂತವರು. ಕೊನೆಗೆ ಒಬ್ಬ ವಿಧವೆ ತಂದ ಎರಡು ತೆಂಗಿನಕಾಯಿಗೆ ಯಾರೂ ಕೂಗಲಿಲ್ಲ. ಆಗ ಅಯ್ಯನವರೇ ಕೈಯೆತ್ತಿ ಕೊಂಡರು. ಅವತ್ತಿಂದ ಅವರ ಮೇಲೆ ನನಗೆ ಗೌರವ ಇಮ್ಮಡಿಯಾಯಿತು.

ದಿನಸಿ ಅಂಗಡಿ
ನಾನು ಕ್ರೈಸ್ತನಲ್ಲ. ಮೂಡಿಗೆರೆ ಹತ್ತಿರ ಚರ್ಚ್ ಎದುರಿಗೇ ಅಂಗಡಿ ಇದೆ, 22 ವರ್ಷವಾಯಿತು. ನಡುವೆ ಬಾಯಿ ಹಾಕಬಹುದಾ?

ಕಡಲತಡಿ
ಖಂಡಿತ ಹೇಳಿ ಸರ್. ಹೊರಗಿನವರಿಂದ ಒಳ್ಳೆ ಸಾಕ್ಷಿ ಇರಬೇಕು ಅಂತ ಆ ಪಟ್ಟಿಯ ಕೊನೆಯಲ್ಲೇ ಇದೆ. ಆ ಹೊರಗಿನವರು ನೀವೇ.

ದಿನಸಿ ಅಂಗಡಿ
ಹಾಗಾದರೆ ಹೇಳುತ್ತೇನೆ. ನಿಮ್ಮವರಲ್ಲಿ ಯಾರು ಹೇಗೆ ಅಂತ ನನ್ನ ಉದ್ರಿ ಪುಸ್ತಕಕ್ಕೆ ಗೊತ್ತು. ಒಬ್ಬರು ಇದ್ದಾರೆ, ಚರ್ಚಿನ ಹಬ್ಬದಲ್ಲಿ ಮುಂದಿನ ಸಾಲು, ಬಿಳಿ ಪಂಚೆ, ಬಂದವರಿಗೆಲ್ಲ ಹಾರ ಹಾಕುವವರು. ನನ್ನ ಹತ್ತಿರ ಅವರ ಬಾಕಿ ಎರಡು ವರ್ಷದಿಂದ ಇದೆ. ಕೇಳಿದರೆ "ಎಲ್ಲಿ ಓಡಿ ಹೋಗ್ತೀನಾ?" ಅಂತ ರೇಗುತ್ತಾರೆ. ಅವರ ತೋಟದ ಆಳುಗಳು ಶನಿವಾರ ಬಟವಾಡೆ ಸಿಕ್ಕಿಲ್ಲ ಅಂತ ನನ್ನ ಹತ್ತಿರವೇ ಸಾಲಕ್ಕೆ ಅಕ್ಕಿ ಒಯ್ಯುತ್ತಾರೆ.

ಇನ್ನೊಬ್ಬರು ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮಾತು ಕಮ್ಮಿ. ಒಂದು ದಿನ ಮೊಮ್ಮಗನ ಕೈಯಲ್ಲಿ 40 ರೂಪಾಯಿ ಕಳಿಸಿದರು. ಹಿಂದಿನ ದಿನ ನಾನು ಚಿಲ್ಲರೆ ಜಾಸ್ತಿ ಕೊಟ್ಟಿದ್ದೆನಂತೆ. ಆ ಹುಡುಗ ಮಳೆಯಲ್ಲಿ ಒಂದೂವರೆ ಮೈಲಿ ನಡೆದು ಬಂದಿದ್ದ, ನೋಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ನಿಮ್ಮ ಪುಸ್ತಕ ನಾನು ಓದಿಲ್ಲ. ನನ್ನನ್ನು ಕೇಳಿದರೆ ಯಾರ ಹೆಸರು ಹೇಳುತ್ತೇನೆ ಅಂತ ನಿಮಗೇ ಗೊತ್ತು. ಆದರೆ ನಿಮ್ಮವರು ಯಾರೂ ನನ್ನನ್ನು ಕೇಳಿಲ್ಲ.

ಸಂಡೇಸ್ಕೂಲ್ ಟೀಚರ್
ದಿನಸಿ ಅಂಗಡಿ ಅಣ್ಣ, ನಿಮ್ಮ ಮಾತನ್ನು ಈ ಭಾನುವಾರ ಮಕ್ಕಳಿಗೆ ಹೇಳುತ್ತೇನೆ. ಕೂಲಿಯ ವಿಷಯ ಯಾಕೋಬನ ಪತ್ರದಲ್ಲೇ ಇದೆ. ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತದೆ ಅಂತ.

ಕಡಲತಡಿ
ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ಇಲ್ಲಿ ಬರಲಿಲ್ಲ, ಕಾರಣ ಇದೆ.

ಗುರ್ಕಾರರು ಹೇಳಿದ ಹಾಗೆ ಮನೆಯಲ್ಲಿ ಕೇಳಿದೆ. ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ನೀವು ಕಳ್ಳರಲ್ಲ, ಕುಡಿಯಲ್ಲ, ಅದು ನನಗೆ ಗೊತ್ತು. ಆದರೆ ನೀವು ಮನೆಗೆ ಬಂದಾಗ ಗೇಟಿನ ಶಬ್ದ ಕೇಳಿ ಮಕ್ಕಳು ಟಿವಿ ಆರಿಸುತ್ತಾರೆ. ಅದನ್ನು ನೀವು ಗಮನಿಸಿದ್ದೀರಾ?" ಅಂದಳು. ನಾನು ಗಮನಿಸಿರಲಿಲ್ಲ. ಅವತ್ತು ನಿದ್ದೆ ಬರಲಿಲ್ಲ.

ಮರುದಿನ ಆ ಹುಡುಗನ ಮನೆಗೆ ಹೋದೆ, 500 ರೂಪಾಯಿಗೆ ಕೂಗಾಡಿದ್ದೆ ಅಂತ ಹೇಳಿದೆನಲ್ಲ, ಅವನೇ. ಎರಡು ವರ್ಷ ತಡ. ಅವನ ಅಮ್ಮನ ಎದುರು ತಪ್ಪಾಯಿತು ಅಂತ ಹೇಳಿದೆ, ಕೂಗಾಡಿದ್ದು ಎಲ್ಲರೆದುರು ಆದ್ದರಿಂದ ಭಾನುವಾರ ಎಲ್ಲರೆದುರೂ ಹೇಳುತ್ತೇನೆ ಅಂದೆ. ಅವನು "ಬೇಡ ಅಂಕಲ್" ಅಂದ. ನಾನು ಹೇಳಿಯೇ ಹೇಳುತ್ತೇನೆ.

ಹಿರಿಯರಿಗೆ ಈ ಸಲ ನಿಲ್ಲುವುದಿಲ್ಲ ಅಂತ ತಿಳಿಸಿದೆ. ಬೇಸರ ಮಾಡಿಕೊಂಡರು. ಆದರೆ ಒಂದು ಕೇಳಿಕೊಂಡೆ. ಕಾಣಿಕೆ ಎಣಿಸುವಾಗ ಮೂರು ಜನ ಇರಲಿ, ಒಬ್ಬ ನಾನು, ಇನ್ನೊಬ್ಬ ಆ ಹುಡುಗ, ಮತ್ತೊಬ್ಬರು ಸ್ತ್ರೀಯರ ಕೂಟದಿಂದ ಅಂತ. ಅಯ್ಯನವರು ಒಪ್ಪಿದ್ದಾರೆ.

ಹುಬ್ಬಳ್ಳಿ ಹೈದ
ನಿಲ್ರಿ ಅಂದಿದ್ದೆ ಮೊದಲಿಗೆ. ಆ ಮಾತು ಈಗಲೂ ಹಿಂದಕ್ಕೆ ತಗೊಳ್ಳಲ್ಲ. ಮುಂದಿನ ಸಲಕ್ಕೆ ಇಟ್ಟುಕೊಳ್ಳಿ ಸರ್.

ಅಯ್ಯನವರ ಮಗಳು
ಟೀಚರ್ ಬರೆದದ್ದನ್ನು ತಮ್ಮನಿಗೆ ಕಳಿಸಿದೆ. ಓದಿದ್ದಾನೆ. ಇನ್ನೂ ಏನೂ ಉತ್ತರ ಬಂದಿಲ್ಲ.

ಕೆಂಪು ಹೆಂಚು
ಕಡಲತಡಿ ತಮ್ಮಾ, ಎಣಿಸಲು ಕೂರುವಾಗ ತೋಳು ಮಡಚಿಕೋ.